ಬಡವನ ಕಾಯಿಲೆಗೆ ಹಣ ಯಾರದು?

ಮಧ್ಯ ಆಫ್ರಿಕದ ರುವಾಂಡ ಬಹು ಸಣ್ಣ ದೇಶ. ನಮ್ಮ ಕರ್ನಾಟಕವನ್ನು ಏಳು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಅದರ ವಿಸ್ತೀರ್ಣ. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮತ್ತೊಂದು ಬೆಟ್ಟ. ಸಾವಿರ ಬೆಟ್ಟಗಳ ನಾಡೆಂದೇ ಅದಕ್ಕೆ ಹೆಸರು. ಅಲ್ಲಿಯ ರೈತನು ಹಿಂದಿನಿಂದಲೂ ಬೆಟ್ಟದ ಮಗ್ಗುಲಲ್ಲಿ, ತನ್ನ ಬಾಳೆಯ ತೋಟದ ನಡುವೆ, ಒಂಟಿಯಾಗಿ ಮನೆ ಕಟ್ಟಿಕೊಂಡು ಬಂದವನು. ಇಂಥ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಇಲ್ಲವೆ ಹೆರಿಗೆ ಕಷ್ಟವಾದರೆ, ಗಾಡಿ ಬರುವ ದಾರಿಯಿಲ್ಲ. ಆಗ ನೆರೆಹೊರೆಯವರು ಹೆಣೆದು ಮಾಡಿದ ಉದ್ದನೆಯ ಡೋಲಿಯೊಂದನ್ನು ತಂದು, ರೋಗಿಯನ್ನು ಅದರಲ್ಲಿ ಮಲಗಿಸಿ, ಸರದಿಯ ಮೇಲೆ ಹೆಗಲು ಕೊಡುತ್ತ ಕೆಳಗೆ ಇಳಿಸುತ್ತಿದ್ದರು. ಆ ಡೋಲಿಗೆ ಅವರ ಭಾಷೆಯಲ್ಲಿ 'ಇಂಗೋಬ್ಯಿ' ಎಂದು ಹೆಸರು. ಇಂದು ಹೊತ್ತವನನ್ನು ನಾಳೆ ಇತರರು ಹೊರುವರು; ಜೀವಮಾನವೆಲ್ಲ ಹೊತ್ತೂ ಒಮ್ಮೆಯೂ ಡೋಲಿ ಏರದವನಿದ್ದರೆ ಅವನು ನಷ್ಟಹೊಂದಿದನೆಂದು ಯಾರೂ ಭಾವಿಸರು, ಪುಣ್ಯವಂತನೆಂದೇ ಭಾವಿಸುವರು.

ಆರೋಗ್ಯವಿಮೆಯ ತತ್ತ್ವ ಇದಕ್ಕಿಂತ ಹೆಚ್ಚೇನೂ ಅಲ್ಲ. ಆದರೆ ಡೋಲಿ ರೋಗಿಯನ್ನು ಆಸ್ಪತ್ರೆಯ ಬಾಗಿಲವರೆಗೆ ಮಾತ್ರ ಮುಟ್ಟಿಸಬಲ್ಲುದು. ಬಾಗಿಲಲ್ಲಿ ಹಣ ಕೇಳಿದರೆ ಅದನ್ನು ಹೊರುವ ಹೆಗಲು ಯಾವುದು? ಈ ಪ್ರಶ್ನೆಗೆ ಬಡದೇಶವೊಂದು ಹುಡುಕಿದ ಉತ್ತರವನ್ನೂ, ಆ ಉತ್ತರದಲ್ಲಿದ್ದ ತಪ್ಪುಗಳನ್ನೂ, ಅವುಗಳ ಹಿಂದಿರುವ ಗಣಿತವನ್ನೂ ಇಲ್ಲಿ ವಿಚಾರಿಸೋಣ.

ಮೊದಲು ಬಾಗಿಲಲ್ಲಿ ಹಣ ಕೇಳುವ ಪದ್ಧತಿ ಹೇಗೆ ಬಂದಿತೆಂಬುದನ್ನು ತಿಳಿಯಬೇಕು. ಸ್ವಾತಂತ್ರ್ಯ ಪಡೆದ ಹೊಸತರಲ್ಲಿ ಆಫ್ರಿಕದ ಅನೇಕ ಸರ್ಕಾರಗಳು ಔಷಧೋಪಚಾರವನ್ನು ಉಚಿತವಾಗಿ ಕೊಡುವುದಾಗಿ ಸಾರಿದವು. 1980ರ ದಶಕದಲ್ಲಿ ಅವು ಸಾಲದ ಸುಳಿಗೆ ಸಿಕ್ಕಿದಾಗ ಆರೋಗ್ಯಕೇಂದ್ರಗಳಲ್ಲಿ ವೈದ್ಯರಿದ್ದರೆ ಮದ್ದಿಲ್ಲ, ಮದ್ದಿದ್ದರೆ ವೈದ್ಯರಿಲ್ಲ ಎಂಬಂತಾಯಿತು. ರೋಗಿಗಳಿಂದಲೇ ಶುಲ್ಕ ವಸೂಲು ಮಾಡಬೇಕೆಂದು 1987ರಲ್ಲಿ ವಿಶ್ವಬ್ಯಾಂಕು ಸಲಹೆಯಿತ್ತಿತು. ಅದೇ ವರ್ಷ ಮಾಲಿ ದೇಶದ ಬಮಾಕೊ ನಗರದಲ್ಲಿ ಸೇರಿದ ಆಫ್ರಿಕದ ಆರೋಗ್ಯಮಂತ್ರಿಗಳೂ, ಔಷಧ ಮಾರಿದ ಹಣದಿಂದಲೇ ಮತ್ತೆ ಔಷಧ ಕೊಳ್ಳುವ ಏರ್ಪಾಟಿಗೆ ಒಪ್ಪಿದರು. ಅವರ ಉದ್ದೇಶ ಕೆಟ್ಟದಾಗಿರಲಿಲ್ಲ. ಬರಿದಾದ ಬೀರುವಿಗಿಂತ ಬೆಲೆಗೆ ಸಿಗುವ ಮಾತ್ರೆ ಲೇಸಲ್ಲವೆ? ಆದರೆ ಮಾತ್ರೆಗೆ ಬೆಲೆ ಕಟ್ಟಿದಾಗ ಹೊರಗುಳಿಯುವವನು ಯಾರೆಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಸಾಕಷ್ಟು ಜಾಗವಿರಲಿಲ್ಲ.

ರುವಾಂಡದಲ್ಲಿ ಇದರ ಫಲ ಬಹು ಸ್ಪಷ್ಟವಾಗಿ ಕಂಡುಬಂದಿತು. 1994ರಲ್ಲಿ ಆ ದೇಶದಲ್ಲಿ ನಡೆದ ನರಮೇಧದಲ್ಲಿ ಸುಮಾರು ನೂರು ದಿನಗಳೊಳಗೆ ಲಕ್ಷ ಲಕ್ಷ ಜನರು ಕೊಲೆಯಾದರು. ವೈದ್ಯರೂ ದಾದಿಯರೂ ಸತ್ತರು ಇಲ್ಲವೆ ದೇಶ ಬಿಟ್ಟರು. ಬಳಿಕ ಎರಡು ವರ್ಷ ಹೊರಗಿನ ನೆರವಿನಿಂದ ಚಿಕಿತ್ಸೆ ಉಚಿತವಾಗಿ ದೊರೆಯಿತು. 1996ರಲ್ಲಿ ಸರ್ಕಾರವು ಶುಲ್ಕವನ್ನು ಮತ್ತೆ ಜಾರಿಗೆ ತಂದಿತು. 1999ರ ಹೊತ್ತಿಗೆ ಆರೋಗ್ಯಕೇಂದ್ರಕ್ಕೆ ಬರುವವರ ಸಂಖ್ಯೆ ಎಷ್ಟು ಇಳಿದಿತ್ತೆಂದರೆ, ನಾಲ್ಕು ಮಂದಿಗೆ ವರ್ಷಕ್ಕೊಂದು ಭೇಟಿಯ ಸರಾಸರಿಯೂ ಕಷ್ಟವಾಗಿತ್ತು. ಮಲೇರಿಯವು ಮನೆಮನೆಯಲ್ಲಿದ್ದ ನಾಡಿನಲ್ಲಿ ಇದನ್ನು ಜನರ ಆರೋಗ್ಯದ ಗುರುತೆಂದು ತಿಳಿಯುವುದು ಸಾಧ್ಯವಿಲ್ಲವಷ್ಟೆ. ಜ್ವರ ಬಂದವರು ಮನೆಯಲ್ಲೇ ಉಳಿದರು.

ಹೀಗಿರಲು, 1999ರಲ್ಲಿ ಬ್ಯುಂಬಾ, ಕಬ್ಗಾಯಿ, ಕಬುತಾರೆ ಎಂಬ ಮೂರು ಜಿಲ್ಲೆಗಳಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು. ಒಂದೊಂದು ಆರೋಗ್ಯಕೇಂದ್ರದ ಸುತ್ತಲಿನ ಜನರು ಸೇರಿ ಒಂದೊಂದು ಸಹಾಯನಿಧಿಯನ್ನು ಕಟ್ಟುವುದು. ವ್ಯವಸ್ಥಾಪಕರನ್ನು ತಾವೇ ಚುನಾಯಿಸುವುದು. ಏಳು ಮಂದಿಯವರೆಗಿನ ಒಂದು ಕುಟುಂಬವು ವರ್ಷಕ್ಕೆ 2,500 ಫ್ರಾಂಕ್, ಎಂದರೆ ಆಗಿನ ಬೆಲೆಯಲ್ಲಿ ಸುಮಾರು ಏಳೂವರೆ ಡಾಲರ್, ವಂತಿಗೆ ಕೊಡುವುದು. ಕೊಟ್ಟವರಿಗೆ ಕೇಂದ್ರದಲ್ಲಿ ಅತ್ಯಲ್ಪ ಶುಲ್ಕದ ಮೇಲೆ ಚಿಕಿತ್ಸೆ ದೊರೆಯುವುದು. ಇದೇ ಪ್ರಯೋಗದ ಕ್ರಮ. ಇಂಥ 54 ನಿಧಿಗಳು ಹುಟ್ಟಿದವು. ಇವುಗಳಿಗೆ ಫ್ರೆಂಚ್ ಭಾಷೆಯಲ್ಲಿ 'ಮ್ಯುಚುಯೆಲ್ ದ ಸಾಂತೆ' ಎಂದು ಹೆಸರು. ಆರೋಗ್ಯದ ಪರಸ್ಪರ ನಿಧಿ ಎಂದು ಕನ್ನಡಿಸಬಹುದು.

ಈ ನಿಧಿಗಳು ನಿಲ್ಲಬಲ್ಲವೆ ಎಂಬುದನ್ನು ತಿಳಿಯಲು ನಾವೀಗ ಕಾಗದ ಪೆನ್ಸಿಲು ಹಿಡಿಯಬೇಕು. ಒಂದು ಕುಟುಂಬದಲ್ಲಿ ಯಾರಿಗಾದರೂ ಆಸ್ಪತ್ರೆ ಸೇರುವಂಥ ಕಾಯಿಲೆ ಒಂದು ವರ್ಷದಲ್ಲಿ ಬರುವ ಸಂಭವ ಇಪ್ಪತ್ತರಲ್ಲಿ ಒಂದು ಎಂದೂ, ಬಂದರೆ ತಗಲುವ ವೆಚ್ಚ 20,000 ಫ್ರಾಂಕ್ ಎಂದೂ ಇಟ್ಟುಕೊಳ್ಳೋಣ. (ಇವು ನಮ್ಮ ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಅಂಕಿಗಳು.) ಹಾಗಾದರೆ ಒಂದು ಕುಟುಂಬದ ಪಾಲಿಗೆ ಬೀಳುವ ಸರಾಸರಿ ವೆಚ್ಚ ವರ್ಷಕ್ಕೆ 1,000 ಫ್ರಾಂಕ್. ಇಪ್ಪತ್ತು ಕುಟುಂಬಗಳ ಒಂದು ಊರಿನವರು ತಲಾ ಒಂದು ಸಾವಿರ ಹಾಕಿ 20,000 ಫ್ರಾಂಕಿನ ನಿಧಿ ಮಾಡಿದರೆಂದು ಭಾವಿಸಿದರೆ, ಒಬ್ಬ ರೋಗಿಗೆ ಅದು ಸಾಕು. ಆದರೆ ಪ್ರತಿ ವರ್ಷವೂ ಒಂದೇ ಮನೆಗೆ ಕಾಯಿಲೆ ಬರಬೇಕೆಂಬ ಕಟ್ಟಳೆಯುಂಟೆ? ಲೆಕ್ಕ ಹಾಕಿದರೆ, ನೂರು ವರ್ಷಗಳಲ್ಲಿ ಸುಮಾರು 36 ವರ್ಷ ಯಾರಿಗೂ ಬಾರದು. 38 ವರ್ಷ ಒಂದು ಮನೆಗೆ ಮಾತ್ರ ಬರುವುದು. ಉಳಿದ 26 ವರ್ಷಗಳಲ್ಲಿ ಎರಡು ಅಥವಾ ಹೆಚ್ಚು ಮನೆಗಳಿಗೆ ಬಂದು ನಿಧಿ ಬರಿದಾಗುವುದು. ನಾಲ್ಕು ವರ್ಷಕ್ಕೊಮ್ಮೆ ಮುರಿದು ಬೀಳುವ ಡೋಲಿಯಲ್ಲಿ ಮಲಗಲು ಯಾರು ಒಪ್ಪುವರು?

ಈಗ 2,000 ಕುಟುಂಬಗಳು ಸೇರಲಿ. ಸರಾಸರಿ ನೂರು ಮನೆಗಳಿಗೆ ಕಾಯಿಲೆ ಬರುವುದು. ಆದರೆ ನೂರರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ವರ್ಷಗಳಲ್ಲಿ ಈ ಸಂಖ್ಯೆ 80ಕ್ಕೂ 120ಕ್ಕೂ ನಡುವೆಯೇ ಇರುವುದು. ಆದುದರಿಂದ ತಲಾ 1,200 ಫ್ರಾಂಕ್ ಕೂಡಿಸಿದರೆ ನಿಧಿ ಬಹುಮಟ್ಟಿಗೆ ಭದ್ರ. ಕುಟುಂಬಗಳು 20,000 ಆದರೆ ಈ ಏರಿಳಿತ ಇನ್ನೂ ಕುಗ್ಗಿ 940ಕ್ಕೂ 1,060ಕ್ಕೂ ನಡುವೆ ನಿಲ್ಲುತ್ತದೆ. ಆಗ 1,060 ಫ್ರಾಂಕ್ ಸಾಕು. ಯಾರ ಕಾಯಿಲೆಯೂ ಕಡಮೆಯಾಗಿಲ್ಲ, ಮದ್ದಿನ ಬೆಲೆಯೂ ಇಳಿದಿಲ್ಲ. ಜನ ಹೆಚ್ಚಿದ್ದರಿಂದಲೇ ಭದ್ರತೆ ಅಗ್ಗವಾಯಿತು. ಒಬ್ಬನ ನಾಳೆಯನ್ನು ಯಾವ ಜಾಣನೂ ಹೇಳಲಾರ, ಇಪ್ಪತ್ತು ಸಾವಿರ ಮಂದಿಯ ನಾಳೆಯನ್ನು ಗುಮಾಸ್ತನೂ ಹೇಳಬಲ್ಲ. ಸ್ವಿಸ್ ಗಣಿತಜ್ಞ ಯಾಕೊಬ್ ಬೆರ್ನೂಲಿಯು ಈ ನಿಯಮವನ್ನು ಮೊದಲು ಸಾಧಿಸಿ ತೋರಿಸಿದನು. ಅವನು ತೀರಿಕೊಂಡ ಮೇಲೆ, 1713ರಲ್ಲಿ, ಆ ಗ್ರಂಥ ಅಚ್ಚಾಯಿತು. ಗಣಿತದಲ್ಲಿ ಇದನ್ನು ದೊಡ್ಡ ಸಂಖ್ಯೆಗಳ ನಿಯಮವೆನ್ನುತ್ತಾರೆ.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಒಂದು ಮನೆಯ ಕಾಯಿಲೆಗೂ ಇನ್ನೊಂದು ಮನೆಯ ಕಾಯಿಲೆಗೂ ಸಂಬಂಧವಿಲ್ಲವೆಂದು ನಾವು ಎಣಿಸಿದೆವು. ಮಳೆಗಾಲದ ಮಲೇರಿಯ ಈ ಷರತ್ತನ್ನು ಲೆಕ್ಕಿಸುವುದಿಲ್ಲ. ಅದು ಒಂದು ಕಣಿವೆಗೆ ಕಣಿವೆಯನ್ನೇ ಹಿಡಿಯುತ್ತದೆ. ಆದುದರಿಂದ ನಿಧಿಯಲ್ಲಿ ಜನ ಹೆಚ್ಚಿದ್ದರೆ ಸಾಲದು, ಬೇರೆ ಬೇರೆ ಕಣಿವೆಗಳ ಜನರೂ ಇರಬೇಕು. ಒಂದೊಂದು ಕೇಂದ್ರಕ್ಕೆ ಒಂದೊಂದು ನಿಧಿ ಎಂಬ ರುವಾಂಡದ ಮೊದಲ ಏರ್ಪಾಟಿನಲ್ಲಿದ್ದ ಕುಂದು ಇದೇ.

ಪ್ರಯೋಗದ ಮೊದಲ ವರ್ಷ ಮುಗಿದಾಗ ಎರಡು ಸಂಗತಿಗಳು ಕಂಡವು. ಸದಸ್ಯರಾದವರು ಇತರರಿಗಿಂತ ಹಲವು ಪಟ್ಟು ಹೆಚ್ಚಾಗಿ ಆರೋಗ್ಯಕೇಂದ್ರಕ್ಕೆ ಬಂದಿದ್ದರು. ಬಾಗಿಲಲ್ಲಿ ನಿಂತಿದ್ದ ತಡೆ ಹಣವೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ಮೂರು ಜಿಲ್ಲೆಗಳ ಸುಮಾರು ಹತ್ತು ಲಕ್ಷ ಜನರಲ್ಲಿ ಸದಸ್ಯರಾಗಿದ್ದವರು ಸುಮಾರು 88,000 ಮಂದಿ. ನೂರಕ್ಕೆ ಎಂಟು ಮಾತ್ರ.

ಉಳಿದ ತೊಂಬತ್ತೆರಡು ಮಂದಿ ಏಕೆ ಸೇರಲಿಲ್ಲ? ಅನೇಕರ ಬಳಿ ಒಂದೇ ಸಲಕ್ಕೆ ಕೊಡಲು 2,500 ಫ್ರಾಂಕ್ ಇರಲಿಲ್ಲ. ಕಾರಣಗಳಲ್ಲಿ ಇದೇ ಮುಖ್ಯ. ಆದರೆ ಇಚ್ಛೆಯಿದ್ದವರು ಮಾತ್ರ ಸೇರುವ ಎಲ್ಲ ವಿಮೆಗಳನ್ನೂ ಕಾಡುವ ಇನ್ನೊಂದು ರೋಗವಿದೆ. ಅದನ್ನು ಪ್ರತಿಕೂಲ ಆಯ್ಕೆ ಎಂದು ಕರೆಯುತ್ತಾರೆ. ಮತ್ತೆ ಲೆಕ್ಕಕ್ಕೆ ಬರೋಣ. ನೂರು ಕುಟುಂಬಗಳಲ್ಲಿ ಹತ್ತಕ್ಕೆ ದೀರ್ಘರೋಗವಿದ್ದು ವರ್ಷಕ್ಕೆ ತಲಾ 1,000 ಫ್ರಾಂಕ್ ವೆಚ್ಚ. ಉಳಿದ ತೊಂಬತ್ತಕ್ಕೆ ತಲಾ 100. ಒಟ್ಟು 19,000. ಎಲ್ಲರಿಗೂ ಹಂಚಿದರೆ ವಂತಿಗೆ 190 ಆಗುತ್ತದೆ. ಆರೋಗ್ಯವಂತನು ತನ್ನ ವೆಚ್ಚ ನೂರೇ ಇರುವಾಗ ನೂರತೊಂಬತ್ತು ಏಕೆ ತೆರಬೇಕೆಂದು ಎಣಿಸುತ್ತಾನೆ. ಅವರಲ್ಲಿ ಅರ್ಧದಷ್ಟು ಜನ ಬಿಟ್ಟುಹೋದರೆ, ಉಳಿದ 55 ಕುಟುಂಬಗಳು 14,500 ಫ್ರಾಂಕ್ ಹೊರಬೇಕು. ವಂತಿಗೆ 264ಕ್ಕೆ ಏರುತ್ತದೆ. ಇದನ್ನು ನೋಡಿ ಇನ್ನಷ್ಟು ಮಂದಿ ಬಿಡುತ್ತಾರೆ. ಆರೋಗ್ಯವಂತರು ಇಪ್ಪತ್ತೇ ಉಳಿದಾಗ ವಂತಿಗೆ 400. ಕೊನೆಗೆ ಉಳಿಯುವವರು ರೋಗಿಗಳು ಹತ್ತೇ ಮನೆಯವರು. ಅವರ ವಂತಿಗೆ ಪೂರಾ 1,000. ವಿಮೆ ಇದ್ದರೂ ಇಲ್ಲದಿದ್ದರೂ ಅವರಿಗೆ ಅಷ್ಟೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫರು 1970ರಲ್ಲಿ ಇಂಥ ಕುಸಿತವನ್ನು ಹಳೆಯ ಕಾರುಗಳ ಪೇಟೆಯ ದೃಷ್ಟಾಂತದಿಂದ ವಿವರಿಸಿದರು. ಆ ಕೆಲಸಕ್ಕಾಗಿ 2001ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ನಿಜ ಜೀವನದಲ್ಲಿ ಮನುಷ್ಯರು ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ಹಾಕುವುದಿಲ್ಲ. ಭಯವೂ ದಾಕ್ಷಿಣ್ಯವೂ ಕೆಲವರನ್ನು ನಿಧಿಯಲ್ಲಿ ಉಳಿಸುತ್ತವೆ. ಆದರೂ ದಿಕ್ಕು ಮಾತ್ರ ಇದೇ.

ಇದಕ್ಕೆ ಪರಿಹಾರಗಳು ಬಹಳವಿಲ್ಲ. ಒಬ್ಬೊಬ್ಬರನ್ನು ಬಿಡಿಯಾಗಿ ಸೇರಿಸದೆ ಇಡೀ ಮನೆಯನ್ನು, ಇಡೀ ಸಂಘವನ್ನು, ಸಾಧ್ಯವಾದರೆ ಇಡೀ ದೇಶವನ್ನು ಸೇರಿಸಬೇಕು. 1883ರಲ್ಲಿ ಜರ್ಮನಿಯ ಬಿಸ್ಮಾರ್ಕನು ಕಾರ್ಮಿಕರಿಗೆ ಕಾಯಿಲೆ ವಿಮೆಯನ್ನು ಕಾನೂನಿನಿಂದ ಕಡ್ಡಾಯ ಮಾಡಿದಾಗ ಅವನಿಗೆ ಒಂದು ಅನುಕೂಲವಿತ್ತು: ಕಾರ್ಮಿಕನಿಗೆ ಸಂಬಳವಿತ್ತು, ಕೈಗೆ ಸೇರುವ ಮೊದಲೇ ಅದರಿಂದ ವಂತಿಗೆ ಮುರಿದುಕೊಳ್ಳಬಹುದಾಗಿತ್ತು. ಭಾರತದಲ್ಲಿ 1952ರಲ್ಲಿ ಆರಂಭವಾದ ನೌಕರರ ರಾಜ್ಯ ವಿಮಾ ಯೋಜನೆಯೂ ಕಾರ್ಖಾನೆಯ ಸಂಬಳವನ್ನೇ ಆಧರಿಸಿತು. ಸಂಬಳವಿಲ್ಲದ ರೈತನಿಂದ ವಸೂಲು ಮಾಡುವುದು ಹೇಗೆ? ನಮ್ಮ ರಾಜ್ಯದಲ್ಲಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯು ಇದಕ್ಕೆ ಸಹಕಾರ ಸಂಘಗಳನ್ನು ಉಪಯೋಗಿಸಿತು. ವರ್ಷಕ್ಕೆ 60 ರೂಪಾಯಿ ಕೊಟ್ಟ ಸದಸ್ಯನಿಗೆ ಶಸ್ತ್ರಚಿಕಿತ್ಸೆಯ ರಕ್ಷಣೆ. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. 2018ರಲ್ಲಿ ಅದನ್ನು ಬೇರೊಂದು ಯೋಜನೆಯಲ್ಲಿ ವಿಲೀನಗೊಳಿಸಿ, 2022ರಲ್ಲಿ ಮತ್ತೆ ಆರಂಭಿಸಿದ್ದನ್ನು ಓದುಗರು ಬಲ್ಲರು. ಸಂಘವಿರುವ ಕಡೆ ಈ ಉಪಾಯ ಒಳ್ಳೆಯದೇ. ಯಾವ ಸಂಘಕ್ಕೂ ಸೇರದ ಕೂಲಿಯವನನ್ನು ಮಾತ್ರ ಅದು ಮುಟ್ಟಲಾರದು.

ರುವಾಂಡವು ಕಡ್ಡಾಯದ ದಾರಿಯನ್ನೇ ಹಿಡಿಯಿತು. 2004ರಲ್ಲಿ ಪರಸ್ಪರ ನಿಧಿಗಳು ರಾಷ್ಟ್ರನೀತಿಯಾದವು. ಮೊದಲು ಕುಟುಂಬಕ್ಕೆ ಇಷ್ಟೆಂದಿದ್ದ ವಂತಿಗೆ ಈಗ ತಲೆಗೆ ವರ್ಷಕ್ಕೆ 1,000 ಫ್ರಾಂಕ್ ಆಯಿತು. ಬಳಿಕ ದೇಶದ ಪ್ರತಿಯೊಬ್ಬ ನಿವಾಸಿಗೂ ಯಾವುದಾದರೊಂದು ಆರೋಗ್ಯವಿಮೆ ಇರಲೇಬೇಕೆಂದು ಶಾಸನವಾಯಿತು. ಕಡುಬಡವರ ವಂತಿಗೆಯನ್ನು ಸರ್ಕಾರವೂ, ಏಡ್ಸ್, ಕ್ಷಯ, ಮಲೇರಿಯಗಳ ವಿರುದ್ಧ ಸ್ಥಾಪಿತವಾದ ಜಾಗತಿಕ ನಿಧಿಯಂಥ ಹೊರಗಿನ ಸಂಸ್ಥೆಗಳೂ ತೆತ್ತವು. ಹಳ್ಳಿಗಳಲ್ಲಿ ನೆರೆಯವರು 'ಇಬಿಮಿನಾ' ಎಂಬ ಉಳಿತಾಯದ ಗುಂಪು ಕಟ್ಟಿ, ನಮ್ಮ ಚೀಟಿಯ ಹಾಗೆ ವಾರವಾರವೂ ಪುಡಿಕಾಸು ಕೂಡಿಟ್ಟು, ವರ್ಷದ ವಂತಿಗೆಯನ್ನು ಹೊಂದಿಸಿಕೊಂಡರು. 2010-11ರ ಹೊತ್ತಿಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ನಿಧಿಯೊಳಗಿದ್ದರು. ತಲೆಗೆ ಕಾಲುಭಾಗದಷ್ಟಿದ್ದ ವಾರ್ಷಿಕ ಭೇಟಿಯ ಸರಾಸರಿ ಒಂದರ ಹತ್ತಿರಕ್ಕೆ ಏರಿತು.

ಇಷ್ಟು ಬಡ ದೇಶವೊಂದು ಇದನ್ನು ಸಾಧಿಸಿದ್ದು ಅಚ್ಚರಿಯೇ ಸರಿ. ಆದರೆ ತಲೆಗೆ ಒಂದು ಸಾವಿರವೆಂಬ ಆ ವಂತಿಗೆಯನ್ನು ಸ್ವಲ್ಪ ಪರೀಕ್ಷಿಸೋಣ. ಐದು ಮಂದಿಯ ಮನೆಗೆ ಅದು 5,000 ಫ್ರಾಂಕ್. ಬೆಟ್ಟದ ಮೇಲೆ ಅಂಗೈಯಗಲ ಹುರುಳಿಕಾಯಿ ಬೆಳೆಯುವವನಿಗೂ 5,000. ರಾಜಧಾನಿ ಕಿಗಾಲಿಯಲ್ಲಿ ಕಾಫಿ ವ್ಯಾಪಾರ ಮಾಡುವವನಿಗೂ 5,000. ಮೊದಲನೆಯವನ ವರ್ಷದ ರೊಕ್ಕದ ಆದಾಯ 50,000 ಫ್ರಾಂಕ್ ಎಂದುಕೊಂಡರೆ ಹತ್ತರಲ್ಲಿ ಒಂದು ಪಾಲು ಹೋಯಿತು. ಎರಡನೆಯವನದು 50 ಲಕ್ಷವಾದರೆ ಸಾವಿರದಲ್ಲಿ ಒಂದು ಪಾಲು. ಎಲ್ಲರೂ ಸಮನಾಗಿ ಕೊಡುತ್ತಾರೆಂಬ ಮಾತು ಕಿವಿಗೆ ಇಂಪಾಗಿದ್ದರೂ, ಹೆಗಲಿನ ಮೇಲೆ ಬೀಳುವ ಭಾರ ಒಬ್ಬನಿಗೆ ನೂರು ಪಟ್ಟು. ಡೋಲಿ ಹೊರುವಾಗ ಎಳೆಯ ಹುಡುಗನಿಗೂ ಗಟ್ಟಿಮುಟ್ಟಾದ ಪ್ರಾಯದವನಿಗೂ ಯಾರೂ ಒಂದೇ ತೂಕ ಹಂಚುವುದಿಲ್ಲ. ವಿಮೆಯಲ್ಲಿ ಎರಡು ಬಗೆಯ ಹಂಚಿಕೆಯಿದೆ. ಆರೋಗ್ಯವಂತನು ರೋಗಿಗೆ ನೆರವಾಗುವುದು ಒಂದು. ಉಳ್ಳವನು ಇಲ್ಲದವನಿಗೆ ನೆರವಾಗುವುದು ಇನ್ನೊಂದು. ತಲೆವಂತಿಗೆಯು ಮೊದಲನೆಯದನ್ನು ಮಾತ್ರ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ 2000ರ ವರದಿಯಲ್ಲಿ ವಂತಿಗೆಯ ನ್ಯಾಯವನ್ನು ಆರೋಗ್ಯವ್ಯವಸ್ಥೆಯ ಗುರಿಗಳಲ್ಲೇ ಒಂದೆಂದು ಎಣಿಸಿದುದು ಈ ಎರಡನೆಯದನ್ನು ಮರೆಯಬಾರದೆಂದೇ.

ರುವಾಂಡದವರು ಈ ದೋಷವನ್ನು ಕಂಡುಕೊಂಡರು. 2011ರಲ್ಲಿ ವಂತಿಗೆಯನ್ನು ಮೂರು ಮೆಟ್ಟಿಲು ಮಾಡಿದರು: 2,000, 3,000, 7,000 ಫ್ರಾಂಕ್. ಅತಿ ಬಡವರ 2,000ವನ್ನು ಅವರ ಪರವಾಗಿ ಇತರರು ಕೊಡುವುದೆಂದೂ, ಅವರು ಬಾಗಿಲಲ್ಲಿ ಏನನ್ನೂ ತೆರಬೇಕಾಗಿಲ್ಲವೆಂದೂ ಗೊತ್ತುಮಾಡಿದರು. ಇತರರು ಆರೋಗ್ಯಕೇಂದ್ರದ ಭೇಟಿಗೆ 200 ಫ್ರಾಂಕ್, ಆಸ್ಪತ್ರೆಯ ಬಿಲ್ಲಿನಲ್ಲಿ ಹತ್ತನೆಯ ಒಂದು ಪಾಲು ಕೊಡಬೇಕಾಗಿತ್ತು. ಯಾರು ಬಡವರು, ಯಾರು ಉಳ್ಳವರು ಎಂಬುದನ್ನು ನಿರ್ಣಯಿಸಲು 'ಉಬುದೆಹೆ' ಎಂಬ ಏರ್ಪಾಟನ್ನು ಬಳಸಿದರು. ಹಿಂದೆ ಈ ಮಾತಿಗೆ ಎಲ್ಲರೂ ಕೂಡಿ ಹೊಲ ಅಗೆಯುವ ಮುಯ್ಯಾಳಿನ ಪದ್ಧತಿ ಎಂದು ಅರ್ಥ. ಹೊಸ ಉಬುದೆಹೆಯಲ್ಲಿ ಊರಿನವರೇ ಸಭೆ ಸೇರಿ, ಯಾವ ಮನೆ ಯಾವ ವರ್ಗವೆಂದು ತೀರ್ಮಾನಿಸುತ್ತಿದ್ದರು.

ಇದರಿಂದ ಎಲ್ಲವೂ ನೆಟ್ಟಗಾಯಿತೆಂದು ಓದುಗರು ಭಾವಿಸಬಹುದು. ಆದದ್ದು ಬೇರೆ. 2013-14ರ ವೇಳೆಗೆ ಸದಸ್ಯರ ಪ್ರಮಾಣ ನೂರಕ್ಕೆ ಮುಕ್ಕಾಲರ ಮಟ್ಟಕ್ಕೆ ಇಳಿಯಿತು. ಮೇಲಿನ ಮೆಟ್ಟಿಲು 7,000 ಆದದ್ದು ನ್ಯಾಯವೇ. ಆದರೆ ನಡುವಿನ ಮೆಟ್ಟಿಲಲ್ಲಿದ್ದ ಅಸಂಖ್ಯ ರೈತರಿಗೆ ಒಂದು ಸಾವಿರವು ಏಕಾಏಕಿ ಮೂರು ಸಾವಿರವಾಗಿತ್ತು. ಐದು ಮಂದಿಯ ಮನೆಗೆ 15,000. ಮನೆಯ ಎಲ್ಲರ ವಂತಿಗೆಯೂ ಸಲ್ಲುವವರೆಗೆ ಯಾರಿಗೂ ಚಿಕಿತ್ಸೆಯ ಹಕ್ಕಿಲ್ಲವೆಂಬ ನಿಯಮವೂ ಇತ್ತು. ಪ್ರತಿಕೂಲ ಆಯ್ಕೆಯನ್ನು ತಡೆಯಲು ಈ ನಿಯಮ ಅವಶ್ಯವೆಂದು ನಾವು ಮೇಲೆ ಕಂಡಿದ್ದೇವೆ. ಆದರೆ ನಾಲ್ವರ ಹಣ ಹೊಂದಿಸಿ ಐದನೆಯವರದಕ್ಕೆ ಪರದಾಡುತ್ತಿರುವ ತಾಯಿಯ ಮಡಿಲಿನ ಮಗುವಿಗೆ ಜ್ವರ ಬಂದಾಗ ಅದೇ ನಿಯಮ ಎಷ್ಟು ಕ್ರೂರವಾಗಿ ಕಾಣುವುದು! ವರ್ಗೀಕರಣದ ವಿಷಯದಲ್ಲಿಯೂ ದೂರುಗಳು ಎದ್ದವು. ಕೂಲಿಯವನು ನಡುವಣ ವರ್ಗಕ್ಕೆ ಬಿದ್ದದ್ದುಂಟು, ಸ್ಥಿತಿವಂತನು ಕೆಳಗಿಳಿದದ್ದುಂಟು. ಆದಾಯಕ್ಕೆ ಲೆಕ್ಕಪತ್ರವೇ ಇಲ್ಲದ ನಾಡಿನಲ್ಲಿ ನ್ಯಾಯವಾದ ವಂತಿಗೆಯನ್ನು ನಿಗದಿಮಾಡುವುದು ತತ್ತ್ವದಲ್ಲಿ ತೋರುವಷ್ಟು ಸುಲಭವಲ್ಲ.

ವಂತಿಗೆಯನ್ನು ಎಷ್ಟೇ ಜಾಣತನದಿಂದ ಹಂಚಿದರೂ ಬಡವರ ಕಾಸಿನಿಂದಲೇ ಬಡವರ ಆಸ್ಪತ್ರೆಗಳನ್ನು ನಡೆಸಲಾಗದೆಂಬುದನ್ನೂ ಹೇಳಬೇಕು. ದಾದಿಯ ಸಂಬಳ, ಲಸಿಕೆ, ಕಟ್ಟಡ ಮುಂತಾದವುಗಳ ಬಹುಪಾಲು ಸರ್ಕಾರದ ತೆರಿಗೆಯಿಂದಲೂ ಹೊರನಾಡಿನ ನೆರವಿನಿಂದಲೂ ಬರುತ್ತಿತ್ತು. 2001ರಲ್ಲಿ ನೈಜೀರಿಯದ ಅಬುಜಾ ನಗರದಲ್ಲಿ ಆಫ್ರಿಕದ ರಾಷ್ಟ್ರನಾಯಕರು ತಂತಮ್ಮ ಆಯವ್ಯಯದಲ್ಲಿ ನೂರಕ್ಕೆ ಹದಿನೈದನ್ನು ಆರೋಗ್ಯಕ್ಕೆ ಮೀಸಲಿಡುವ ಮಾತು ಕೊಟ್ಟರು, ಉಳಿಸಿಕೊಂಡವರು ಕೆಲವರೇ. ರುವಾಂಡದಲ್ಲಿ ಐದು ವರ್ಷದೊಳಗಿನ ಮಕ್ಕಳ ಮರಣವು 2000ದ ಸಮೀಕ್ಷೆಯಲ್ಲಿ ಸಾವಿರಕ್ಕೆ 196 ಇದ್ದುದು 2014-15ರ ಸಮೀಕ್ಷೆಯಲ್ಲಿ 50ಕ್ಕೆ ಇಳಿಯಿತು. ಈ ಕೀರ್ತಿಯನ್ನೆಲ್ಲ ವಿಮೆಗೆ ಕಟ್ಟುವವರಿದ್ದಾರೆ. ನಾವು ಹಾಗೆ ಮಾಡಲಾರೆವು. ಸೊಳ್ಳೆಪರದೆ, ಲಸಿಕೆ, ಹಳ್ಳಿಹಳ್ಳಿಯಲ್ಲಿ ತರಬೇತಾದ ಆರೋಗ್ಯಸೇವಕರು, ಇವರೆಲ್ಲರ ಪಾಲೂ ಅದರಲ್ಲಿದೆ. ಜ್ವರದ ಮಗುವನ್ನು ತಾಯಿ ಮೂರನೆಯ ದಿನದ ಬದಲು ಮೊದಲನೆಯ ದಿನವೇ ಕರೆತಂದಳೆಂಬುದು ವಿಮೆಯ ಪಾಲು; ಮಲೇರಿಯದಲ್ಲಿ ಆ ಎರಡು ದಿನಗಳಿಗೆ ಬೆಲೆ ಬಹಳ.

2015ರಲ್ಲಿ ಚದರಿಹೋಗಿದ್ದ ನಿಧಿಗಳ ಆಡಳಿತವನ್ನೆಲ್ಲ ರುವಾಂಡದ ಸಾಮಾಜಿಕ ಭದ್ರತಾ ಮಂಡಲಿಗೆ ಒಪ್ಪಿಸಿದರು. ಒಂದೊಂದು ಕಣಿವೆಯ ಚಿಕ್ಕ ಚಿಕ್ಕ ಗಂಟುಗಳು ಸೇರಿ ದೇಶಕ್ಕೆಲ್ಲ ಒಂದೇ ಗಂಟಾಯಿತು; ಬೆರ್ನೂಲಿಯ ನಿಯಮ ಕೇಳುತ್ತಿದ್ದುದೂ ಅದನ್ನೇ. ಎರಡನೆಯ ಬಗೆಯ ಹಂಚಿಕೆಯ ಕಡೆಗೆ 2020ರಲ್ಲಿ ಮತ್ತೊಂದು ಹೆಜ್ಜೆ ಇಟ್ಟರು. ಸಂಬಳ ಪಡೆಯುವ ನೌಕರರು ತಮ್ಮದೇ ಬೇರೆ ವಿಮೆಯನ್ನು ಪಡೆದಿದ್ದರೂ, ಕೈಗೆ ಬರುವ ಸಂಬಳದಲ್ಲಿ ಸಾವಿರಕ್ಕೆ ಐದರಂತೆ ಬೆಟ್ಟದವರ ನಿಧಿಗೆ ಕೊಡಬೇಕೆಂದು ಆ ವರ್ಷ ಆಜ್ಞೆಯಾಯಿತು. ತಿಂಗಳಿಗೆ ಎರಡು ಲಕ್ಷ ಫ್ರಾಂಕ್ ಎಣಿಸುವ ಗುಮಾಸ್ತನಿಗೆ ಅದು ಒಂದು ಸಾವಿರ. ಇಪ್ಪತ್ತು ಲಕ್ಷ ಎಣಿಸುವ ಅಧಿಕಾರಿಗೆ ಹತ್ತು ಸಾವಿರ. ಈ ಹಣ ಅವರ ಮನೆಯವರ ಚಿಕಿತ್ಸೆಗೆ ಬರುವುದಲ್ಲ. ಅವರು ಎಂದೂ ಏರದ ಡೋಲಿಗೆ ಅದು ಅವರ ಹೆಗಲು.